ಮಂಗಳವಾರ ಸಂಜೆ ಆರಕ್ಕೆ, ಎರಡು ಕುರ್ಚಿ ಖಾಲಿ

ಅಕ್ಕ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ? ನೀನು ಕೇಳಿದ್ದು ಇಷ್ಟು. ದಾವಣಗೆರೆಯ ಬ್ಯಾಂಕಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದವಳು, ಜನವರಿಯಲ್ಲಿ ಗಂಡನ ಜೊತೆ ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬರುತ್ತಿದ್ದೀಯ. ಸುಮ್ನೆ ಮನೆಯಲ್ಲಿ ಕೂರೋದು ಬೇಡ, ಏನಾದರೂ ಕಲಿಯಬೇಕು, ಬೆನ್ನು ತಟ್ಟುವ ನಾಲ್ಕು ಜನ ಬೇಕು. ಕನ್ನಡದವರ ಗುಂಪು ಸೇರಲೋ, ಸ್ವೀಡಿಷ್ ಕ್ಲಾಸಿಗೆ ಹೋಗಲೋ? ಚಳಿ ಹೇಗೆ? ಕುಕ್ಕರ್ ತರಬೇಕಾ?

ಸಣ್ಣಪುಟ್ಟದ್ದು ಮೊದಲು ಮುಗಿಸುತ್ತೇನೆ. ಕುಕ್ಕರ್ ತಾ. ಇಂಡಕ್ಷನ್ ಒಲೆಗೆ ಆಗುವಂಥದ್ದು ನೋಡಿ ತಾ, ಗ್ಯಾಸ್ಕೆಟ್ ಎರಡು ಜಾಸ್ತಿ ಇರಲಿ. ಚಳಿ ಅಭ್ಯಾಸವಾಗುತ್ತೆ. ಈ ಊರಿನಲ್ಲಿ ಹಿಮಕ್ಕಿಂತ ಮಳೆ ಗಾಳಿಯದೇ ಕಾಟ, ಛತ್ರಿ ನಂಬಬೇಡ, ಒಳ್ಳೆಯ ಮಳೆ ಕೋಟು ಕೊಂಡುಕೋ. ಕತ್ತಲಿಗೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಂಡು ಬಾ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ದೀಪ ಹಚ್ಚುವ ಹೊತ್ತು. ಬಂದ ಕೂಡಲೇ ತೆರಿಗೆ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಇಲ್ಲಿನ ಗುರುತಿನ ಸಂಖ್ಯೆಯಾದ ಪರ್ಸೂನ್‌ನುಮ್ಮರ್‌ಗೆ ಅರ್ಜಿ ಹಾಕು, ಅದಿಲ್ಲದೆ ಇಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡಲ್ಲ. ಅದು ಬಂದರೆ ಎಸ್‌ಎಫ್‌ಐ, ಅಂದರೆ ವಲಸೆ ಬಂದವರಿಗೆ ಹೇಳಿಕೊಡುವ ಸ್ವೀಡಿಷ್, ಪುಕ್ಕಟೆ. ಎ ಇಂದ ಡಿ ತನಕ ನಾಲ್ಕು ಹಂತ. ಡಿಗ್ರಿ ಆದವರನ್ನು ಸಾಮಾನ್ಯವಾಗಿ ಸಿ ಇಂದಲೇ ಶುರು ಮಾಡಿಸುತ್ತಾರೆ. ಇದರಲ್ಲಿ ಯೋಚನೆ ಮಾಡೋಕೆ ಏನಿಲ್ಲ, ಸೇರು.

ಕನ್ನಡದವರ ಗುಂಪಿಗೂ ಸೇರು. ಜ್ವರ ಬಂದಾಗ ಗಂಜಿ ತಂದುಕೊಟ್ಟವರು ಅವರೇ, ನನ್ನ ಬಾಣಂತನಕ್ಕೆ ಅಮ್ಮನಿಗೆ ವೀಸಾ ತಡವಾದಾಗ ಸರದಿ ಹಾಕಿಕೊಂಡು ಎಣ್ಣೆ ನೀರು ಹಾಕಿದವರೂ ಅವರೇ. ಆದರೆ ನೀನು ಕೇಳಿದ ಬೆನ್ನು ತಟ್ಟುವ ವಿಷಯ ಬೇರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ಬಂದದ್ದು 2009ರ ನವೆಂಬರಿನಲ್ಲಿ. ಹಾಸನದ ಹೈಸ್ಕೂಲೊಂದರಲ್ಲಿ ಎರಡು ವರ್ಷ ಗಣಿತ ಹೇಳಿ ಬಂದವಳು, ಜಂಬ ಜಾಸ್ತಿಯೇ ಇತ್ತು. ಎಸ್‌ಎಫ್‌ಐ ಡಿ ಮಧ್ಯದಲ್ಲಿ ಬಿಟ್ಟೆ. ಕಷ್ಟ ಅಂತಲ್ಲ. ನಮ್ಮೂರಿನ ಕಡೆಯ ಇನ್ನೊಬ್ಬಳು ಅದೇ ಕ್ಲಾಸಿನಲ್ಲಿದ್ದಳು, ನನಗಿಂತ ಚಿಕ್ಕವಳು, ನನಗಿಂತ ಚೆನ್ನಾಗಿ ಓದುತ್ತಿದ್ದಳು. ಅಷ್ಟೇ ಕಾರಣ. ಮನೆಯಲ್ಲಿ ಮಗು ಚಿಕ್ಕದು ಅಂದೆ. ಹಬ್ಬಕ್ಕೆ ಸೇರಿದಾಗ ಯಾರಾದರೂ ಕೇಳಿದರೆ, 'ಓಹ್, ಸ್ವೀಡಿಷ್ ಬರುತ್ತೆ, ತೊಂದರೆ ಇಲ್ಲ' ಅನ್ನುತ್ತಿದ್ದೆ. ಬರುತ್ತಿದ್ದದ್ದು ಹಾಲು, ಬ್ರೆಡ್ಡು, ಥ್ಯಾಂಕ್ಸು. ಅಲ್ಲಿ ಗೆಳತಿಯರು, 'ನಿಂಗೇನ್ ಬಿಡು, ಟೀಚರು ನೀನು, ಬೇಗ ಬರುತ್ತೆ' ಅನ್ನುತ್ತಿದ್ದರು. ಪ್ರೀತಿಯಿಂದಲೇ ಅಂದದ್ದು. ಆ ಮಾತು ಕೇಳಿಸಿಕೊಂಡು ಚಿತ್ರಾನ್ನ ತಿಂದು ಮನೆಗೆ ಬಂದರೆ ಇನ್ನೊಂದು ತಿಂಗಳು ಪುಸ್ತಕ ಮುಟ್ಟಬೇಕು ಅನ್ನಿಸುತ್ತಿರಲಿಲ್ಲ.

2011ರಲ್ಲಿ ಲೈಬ್ರರಿಯ ಬೋರ್ಡಿನಲ್ಲಿ ಒಂದು ಚೀಟಿ ನೋಡಿದೆ. ಮಂಗಳವಾರ ಸಂಜೆ ಆರು ಗಂಟೆ, ಸುಲಭ ಸ್ವೀಡಿಷ್‌ನಲ್ಲಿ ಓದು ಮತ್ತು ಮಾತು. ಇದಕ್ಕೆ ಇಲ್ಲಿ ಸ್ಟುಡಿಯೆಸಿರ್ಕೆಲ್ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಓದಿನ ಬಳಗ ಅನ್ನು. ಪರೀಕ್ಷೆ ಇಲ್ಲ, ಅಂಕ ಇಲ್ಲ, ಸರ್ಟಿಫಿಕೇಟು ಕೇಳುವವರಿಲ್ಲ. ಏನು ಓದಬೇಕು ಅಂತ ಕೂತವರೇ ತೀರ್ಮಾನ ಮಾಡುತ್ತಾರೆ. ನಡೆಸುವವರು ಮೇಷ್ಟ್ರೇ ಆಗಿರಬೇಕು ಅಂತಲೂ ಇಲ್ಲ.

ನಮ್ಮನ್ನು ನಡೆಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ವೆಲ್ಡರ್. ನದಿಯಾಚೆ ಹಡಗು ಕಟ್ಟುವ ಕಾರ್ಖಾನೆಗಳು ಒಂದೊಂದೇ ಮುಚ್ಚಿದಾಗ ಕೆಲಸ ಕಳೆದುಕೊಂಡವರು. ಇಲ್ಲಿ ಎಷ್ಟೇ ಹಿರಿಯರಾದರೂ ಹೆಸರು ಹಿಡಿದೇ ಕರೆಯಬೇಕು. ನನಗೆ ನಾಲಿಗೆ ಏಳಲಿಲ್ಲ, ಮನಸ್ಸಿನಲ್ಲಿ ತಾತ ಅಂದುಕೊಂಡೇ ಬಾಯಲ್ಲಿ ಹೆಸರು ಹೇಳುತ್ತಿದ್ದೆ. ಏಳನೇ ಕ್ಲಾಸಿಗೆ ಓದು ಬಿಟ್ಟವರು, ಇಂಗ್ಲಿಷ್, ಲೆಕ್ಕಪತ್ರ ಎಲ್ಲ ಇಂಥ ಬಳಗಗಳಲ್ಲೇ ರಾತ್ರಿ ಕೂತು ಕಲಿತದ್ದಂತೆ. ಇದನ್ನು ಶುರು ಮಾಡಿದವನು ಆಸ್ಕರ್ ಓಲ್ಸನ್, 1902ರಲ್ಲಿ, ಲುಂಡ್ ಊರಿನಲ್ಲಿ, ಕುಡಿತ ಬಿಡಿಸುವ ಚಳವಳಿಯವರ ನಡುವೆ ಅಂತ ಅವರೇ ಹೇಳಿದ್ದು. ಮೇಷ್ಟ್ರಿಗೆ ಸಂಬಳ ಕೊಡುವ ಶಕ್ತಿ ಇರಲಿಲ್ಲ, ಪುಸ್ತಕ ಇತ್ತು, ಹಾಗಾಗಿ ಓದಿ ಒಬ್ಬರಿಗೊಬ್ಬರು ಹೇಳಿಕೊಂಡರು. ಆಮೇಲೆ 1912ರಲ್ಲಿ ಕಾರ್ಮಿಕರದ್ದೇ ಎಬಿಎಫ್ ಸಂಸ್ಥೆ ಹುಟ್ಟಿತು. ಇವತ್ತಿಗೂ ಇಂಥ ಸಂಸ್ಥೆಗಳಿಗೆ ಸರ್ಕಾರದ ಅನುದಾನ ಇದೆ, ಈಚೆಗೆ ಕಡಿಮೆ ಮಾಡಿದ್ದಾರೆ. ಕೆಲವಕ್ಕೆ ಸ್ವಲ್ಪ ಫೀಸು ಇರುತ್ತೆ, ಕೇಳಿಕೊಂಡು ಹೋಗು.

ಮೊದಲ ದಿನ ಮೇಜಿನ ಸುತ್ತ ಆರು ಜನ. ಇರಾಕಿನ ಒಬ್ಬ ಔಷಧಿ ಅಂಗಡಿಯವರು, ಬೋಸ್ನಿಯಾದ ತಾಯಿ ಮಗಳು, ಮೂವತ್ತು ವರ್ಷದ ಹಿಂದೆಯೇ ಚಿಲಿಯಿಂದ ಬಂದು ಈಗ ಕಾಗುಣಿತ ಸರಿ ಮಾಡಿಕೊಳ್ಳಬೇಕು ಅಂತ ಕೂತ ಬಸ್ ಡ್ರೈವರ್, ತಾತ, ನಾನು. ಓದಿಗೆ 'ಒತ್ತ ಸೀದೊರ್', ಎಂಟು ಪುಟ ಅಂತ ಅರ್ಥ, ಸುಲಭ ಭಾಷೆಯ ಸುದ್ದಿಪತ್ರಿಕೆ. ನನ್ನ ಸರದಿಗೆ ಎಪ್ಪತ್ತೇಳು ಅನ್ನುವ ಪದ ಬರಬೇಕೇ! ಆ ಪದ ನೀನೇ ಬಂದು ಕೇಳು. ಅದರಲ್ಲಿ ಎರಡು ಸಲ ಬರುವ ಒಂದು ಸದ್ದು ಶ ಅಲ್ಲ, ಹ ಅಲ್ಲ, ಸೊಳ್ಳೆ ಬಂದಾಗ ಊದಿದ ಹಾಗೆ. ಮೂರು ಸಲ ಊದಿದೆ. ನಗು ಬರುತ್ತೆ ಅಂತ ಕಾದೆ. ಬರಲಿಲ್ಲ. ಯಾರೂ ತಿದ್ದಲೂ ಇಲ್ಲ, ಪದ ಎತ್ತಿಕೊಡಲೂ ಇಲ್ಲ. ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿತ್ತು. ನಾನು ವಾಕ್ಯ ಮುಗಿಸುವ ತನಕ ಐದು ಜನ ಸುಮ್ಮನೆ ಕಾದರು. ಆಮೇಲೆ ತಾತ, 'ಬ್ರಾ! ಬ್ರಾ!' ಅಂದರು. ನಾನು ಗಾಬರಿಯಿಂದ ಹೆಗಲ ಮೇಲಿನ ಪಟ್ಟಿ ಕಾಣುತ್ತಿದೆಯೇನೋ ಅಂತ ನೋಡಿಕೊಂಡೆ. ಇವರ ಭಾಷೆಯಲ್ಲಿ ಹಾಗಂದರೆ ಚೆನ್ನಾಗಿದೆ ಅಂತ. ನೀನೂ ಮೊದಲ ವಾರ ನೋಡಿಕೊಳ್ಳುತ್ತೀಯ, ಇರಲಿ.

ನಂತರ ಅವರು ಕೇಳಿದ್ದು, ಈ ಸುದ್ದಿ ಬಗ್ಗೆ ನಿನಗೆ ಏನನ್ನಿಸುತ್ತೆ ಅಂತ. ಅರ್ಥ ಹೇಳು ಅಂತಲ್ಲ, ಏನನ್ನಿಸುತ್ತೆ ಅಂತ. ಹದಿನೇಳು ವರ್ಷ ಓದಿ, ಎರಡು ವರ್ಷ ಪಾಠ ಹೇಳಿ, ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನೂ ಯಾವ ಹುಡುಗನನ್ನೂ ಕೇಳಿರಲಿಲ್ಲ. ತಪ್ಪು ಹೇಳಿದವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ.

ತಿಂಡಿ ತರುವ ಸರದಿಯೂ ಇತ್ತು. ನನ್ನ ವಾರ ಕೋಡುಬಳೆ ಮಾಡಿಕೊಂಡು ಹೋದೆ. ತಾತ ಅದನ್ನು ಕಾಫಿಯಲ್ಲಿ ಅದ್ದಿ ಅದ್ದಿ ತಿಂದರು, ಖಾರಕ್ಕೆ ಕಣ್ಣಲ್ಲಿ ನೀರು, ಆದರೂ ಇನ್ನೊಂದು. ಒಂದೂವರೆ ವರ್ಷದಲ್ಲಿ ನಾನು ಎಸ್‌ಎಫ್‌ಐ ಮುಗಿಸಿದೆ, ಆಮೇಲೆ ದೊಡ್ಡವರ ಶಾಲೆ ಕೊಮ್‌ವುಕ್ಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋರ್ಸು ಮಾಡಿದೆ. ಈಗ ಶಿಶುವಿಹಾರದಲ್ಲಿ ಕೆಲಸ. ಹದಿನೈದು ಮಕ್ಕಳು ದಿನವಿಡೀ ನನ್ನ ಸ್ವೀಡಿಷ್ ತಿದ್ದುತ್ತಾರೆ, ಅವು ಕಾಯುವುದಿಲ್ಲ.

ಇಷ್ಟು ಬರೆದು ನಿಲ್ಲಿಸಿದರೆ ನಾನು ಜಾಣೆ ಅಂತ ನೀನು ಅಂದುಕೊಳ್ಳುತ್ತೀಯ.

2012ರ ಯುಗಾದಿಗೆ ಎಲ್ಲರೂ ಸೇರಿದ್ದೆವು. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ, ಬಂದು ಐದು ತಿಂಗಳಾಗಿತ್ತು. ಪಾತ್ರೆ ತೊಳೆಯುವಾಗ ನನ್ನ ಪಕ್ಕ ನಿಂತು ಮೆಲ್ಲಗೆ ಕೇಳಿದಳು, 'ಅಕ್ಕಾರ, ಮಂಗಳವಾರ ಸಂಜಿಕ ಟ್ರಾಮ್‌ನ್ಯಾಗ ಎಲ್ಲಿಗೋ ಹೋಗ್ತೀರಲ್ರಿ, ಕಲಿಯಾಕಂತ. ನಾನೂ ಬರ್ಲೇನ್ರಿ?' ನಾನು ತಟ್ಟೆ ಒರೆಸುತ್ತಾ, 'ಅಲ್ಲಿ ಜಾಗ ಭರ್ತಿ ಕಣಮ್ಮ, ಮುಂದಿನ ಟರ್ಮ್ ನೋಡೋಣ' ಅಂದೆ. ಎರಡು ಕುರ್ಚಿ ಖಾಲಿ ಇದ್ದವು. ಬೋಸ್ನಿಯಾದ ತಾಯಿ ಮಗಳು ಆಗಲೇ ಬೇರೆ ಊರಿಗೆ ಹೋಗಿದ್ದರು.

ಅವಳು ಬಂದರೆ ನಾನು ತಡವರಿಸೋದು ಕೇಳಿಸಿಕೊಳ್ಳುತ್ತಾಳೆ. ಸ್ವೀಡಿಷ್ ಬರುತ್ತೆ ಅಂತ ಹೇಳಿಕೊಂಡು ತಿರುಗಿದವಳು ಏಳು ಅನ್ನೋಕೂ ಊದುತ್ತಾಳೆ ಅಂತ ನಾಲ್ಕು ಮನೆಗೆ ಗೊತ್ತಾಗುತ್ತೆ. ಇರಾಕಿನವರ ಮುಂದೆ, ಚಿಲಿಯವರ ಮುಂದೆ ಇಲ್ಲದ ನಾಚಿಕೆ ಕನ್ನಡದವಳ ಮುಂದೆ ಇತ್ತು. ಆ ಹುಡುಗಿ ಯಾರಿಗೂ ಹೇಳುವವಳಲ್ಲ ಅಂತ ಆಗಲೂ ಗೊತ್ತಿತ್ತು.

ಮುಂದಿನ ಟರ್ಮ್ ಅವಳು ಕೇಳಲಿಲ್ಲ, ನಾನು ಕರೆಯಲಿಲ್ಲ. ಒಂದು ವರ್ಷ ಕಳೆದು ಗಂಡನನ್ನು ಇಲ್ಲೇ ಬಿಟ್ಟು ಊರಿಗೆ ಹೊರಟಳು. ಕಾರಣ ಹತ್ತಾರು ಇದ್ದಿರಬಹುದು, ಎಲ್ಲಾ ನನ್ನಿಂದ ಅಂತ ಹೇಳಿಕೊಳ್ಳುವಷ್ಟು ದೊಡ್ಡವಳಲ್ಲ ನಾನು. ಹೊರಡುವಾಗ ಮನೆ ಸಾಮಾನು ಹಂಚಿದಳು. ನನ್ನ ಪಾಲಿಗೆ ರೊಟ್ಟಿ ಹಂಚು, ಒಂದು ಸ್ವೀಡಿಷ್ ವ್ಯಾಕರಣದ ಪುಸ್ತಕ. ತೆರೆದು ನೋಡಿದೆ. ಮೊದಲ ಹನ್ನೆರಡು ಪುಟದಲ್ಲಿ ಸಾಲು ಸಾಲಿಗೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ, ಗುಂಡಗಿನ ಅಕ್ಷರ. ಹದಿಮೂರನೆಯದರಿಂದ ಕೊನೆ ತನಕ ಖಾಲಿ. ಹಂಚಿನಲ್ಲಿ ಇವತ್ತಿಗೂ ರೊಟ್ಟಿ ಬೇಯಿಸುತ್ತೇನೆ. ಪುಸ್ತಕ ಯಾರಿಗೂ ಕೊಡೋಕೆ ಮನಸ್ಸು ಬಂದಿಲ್ಲ.

ನೀನು ಬರುವ ಹೊತ್ತಿಗೆ ಜನವರಿ ಟರ್ಮ್ ಶುರುವಾಗಿರುತ್ತೆ. ತಾತನಿಗೆ ಈಗ ಕಿವಿ ಸರಿ ಕೇಳಿಸಲ್ಲ, ಮೂರು ವರ್ಷದಿಂದ ಬಳಗ ನಡೆಸುತ್ತಿರೋದು ನಾನು. ದಿನ ಅದೇ, ಹೊತ್ತು ಅದೇ. ಟ್ರಾಮ್ ಸ್ಟಾಪಿನಲ್ಲಿ ಕಾಯುತ್ತೇನೆ. ಮೊದಲ ದಿನ ಕನ್ನಡದವಳ ಮುಂದೆ ಓದೋಕೆ ಮುಜುಗರ ಅನ್ನಿಸಿದರೆ ಹೇಳು, ನಿನ್ನ ಸರದಿ ಬಂದಾಗ ಎದ್ದು ಕಾಫಿ ಸೋಸೋಕೆ ಹೋಗುತ್ತೇನೆ. ಅಡುಗೆಮನೆಗೆ ಬಾಗಿಲಿದೆ, ಹಾಕಿಕೊಳ್ಳುತ್ತೇನೆ.