ಚುಕ್ಕೆ ಎಲ್ಲೋ, ಮಳೆ ಎಲ್ಲೋ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಚಂಡಮಾರುತದ್ದೇ. ಸಮುದ್ರ ನೋಡಬೇಕೆಂದರೆ ಘಾಟಿ ಇಳಿಯಬೇಕಾದ ನಮ್ಮ ಹಾಸನ, ಚಿಕ್ಕಮಗಳೂರಿನವರಿಗೆ ಇದೇನು ಹುಚ್ಚು ಅಂತ ಮೊದಲು ನಗು ಬಂತು. ಪತ್ರ ಓದಿದ ಮೇಲೆ ನಗು ನಿಂತಿತು. ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿದ್ದಾರೆ. 2024ರಲ್ಲಿ ಹೆಲೀನ್ ಚಂಡಮಾರುತ ಬಂದಾಗ ಮ್ಯಾಪಿನ ಬಿಳಿ ಕೋನ್ ಅವರ ಊರಿನ ಮೇಲೆ ಇರಲೇ ಇಲ್ಲ. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಫೋನ್ ಮಾಡಿದರೆ ಬೀದಿ ತುಂಬಾ ಸಮುದ್ರದ ನೀರು ಅಂದಳು. ಎರಡು ವಾರಕ್ಕೆ ಮಿಲ್ಟನ್ ಬಂತು. ಅದು ನೇರವಾಗಿ ಟ್ಯಾಂಪಾಗೇ ಬರುತ್ತದೆ ಎಂದರು. ನಾನು ಊಟ ನಿದ್ದೆ ಬಿಟ್ಟು ಕೂತೆ. ಕೊನೆಗೆ ಅಲ್ಲಿನ ಕೊಲ್ಲಿಯಲ್ಲಿ ಇದ್ದ ನೀರೂ ಹಿಂದಕ್ಕೆ ಹೋಯಿತಂತೆ! ಸರ್, ಆ ಮ್ಯಾಪ್ ನಂಬಬೇಕಾ, ಬಿಡಬೇಕಾ? (ಓದುಗರೊಬ್ಬರು, ಹಾಸನ)

ಉತ್ತರ: ಮ್ಯಾಪ್ ಸುಳ್ಳು ಹೇಳಿಲ್ಲಮ್ಮ. ನೀವು ಕೇಳಿದ್ದು ಒಂದು, ಅದು ಹೇಳಿದ್ದು ಇನ್ನೊಂದು. ಚಂಡಮಾರುತದ ನಡುಭಾಗ, ಅಂದರೆ ಅದರ ಕಣ್ಣು, ಎಲ್ಲಿ ಹಾದು ಹೋಗಬಹುದು ಅನ್ನುವುದನ್ನು ಮಾತ್ರ, ಮುಂದೆ ಹೋದಂತೆ ಅಗಲವಾಗುವ ಆ ಕೋನ್ ತೋರಿಸುತ್ತದೆ. ಗಾಳಿ ಎಷ್ಟು ದೂರ ಬೀಸುತ್ತದೆ, ನೀರು ಎಲ್ಲಿ ನುಗ್ಗುತ್ತದೆ, ಮಳೆ ಎಲ್ಲಿ ಸುರಿಯುತ್ತದೆ, ಯಾವುದೂ ಅದರಲ್ಲಿ ಇಲ್ಲ. ಕಣ್ಣಿನ ದಾರಿಯೂ ಖಚಿತವಲ್ಲ. ಈ ಮ್ಯಾಪ್ ಮಾಡುವ ಮಯಾಮಿಯ ನ್ಯಾಷನಲ್ ಹರಿಕೇನ್ ಸೆಂಟರ್‌ನವರು ಹಿಂದಿನ ಐದು ವರ್ಷ ತಮ್ಮ ಅಂದಾಜು ಎಷ್ಟೆಷ್ಟು ತಪ್ಪಿತ್ತು ಅಂತ ಲೆಕ್ಕ ಹಾಕಿ, ಮೂರರಲ್ಲಿ ಎರಡು ಸಲ ಕಣ್ಣು ಒಳಗೇ ಉಳಿಯುವಷ್ಟು ಅಗಲ ಇಟ್ಟು ಅದನ್ನು ಬರೆಯುತ್ತಾರೆ. ಮೂರನೇ ಸಲ ಅದು ಹೊರಗೆ ಹೋಗುತ್ತದೆ. ಇದು ಅವರಿಗೂ ಗೊತ್ತು, ಹೇಳಿಯೂ ಹೇಳುತ್ತಾರೆ, ಆದರೆ ಟಿವಿಯವರು ನಡುವಿನ ಗೆರೆಯನ್ನೇ ಕೆಂಪು ಮಾಡಿ ತೋರಿಸುತ್ತಾರೆ. 2024ರ ಕೋನ್‌ನಲ್ಲಿ ಐದು ದಿನ ಆಚೆಯ ಅಂದಾಜಿನ ಅಗಲ ನಡುಗೆರೆಯಿಂದ ಆ ಕಡೆ ಈ ಕಡೆ ಸುಮಾರು 400 ಕಿ.ಮೀ. ಚಾಚಿತ್ತು. ಹಾಸನದಿಂದ ಪಣಜಿಯಷ್ಟು ದೂರ ಅಂತ ಇಟ್ಟುಕೊಳ್ಳಿ. ಒಂದು ದಿನ ಉಳಿದಾಗ ಅದು ಸುಮಾರು 75 ಕಿ.ಮೀ.ಗೆ ಇಳಿಯುತ್ತದೆ. ಹಾಗಾಗಿ ಐದು ದಿನ ಮೊದಲು ಟ್ಯಾಂಪಾ ಎಂಬ ಹೆಸರು ಕೇಳಿ ಊಟ ಬಿಡಬೇಡಿ.

ಈಗ ನೀರಿನ ವಿಷಯ. ಭೂಮಧ್ಯ ರೇಖೆಯಿಂದ ಮೇಲಿರುವ ನಮ್ಮ ಅರ್ಧ ಭೂಮಿಯಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಹೆಲೀನ್ ಸೆಪ್ಟೆಂಬರ್ 26ರ ರಾತ್ರಿ ದಡ ಹತ್ತಿದ್ದು ಟ್ಯಾಂಪಾದಲ್ಲಲ್ಲ, ಇನ್ನೂರು ಕಿ.ಮೀ.ಗೂ ಆಚೆ ಉತ್ತರದಲ್ಲಿ, ಪೆರ್ರಿ ಎಂಬ ಊರಿನ ಕಡೆ. ಆದರೆ ಅದು ಸಮುದ್ರದಲ್ಲಿ ಉತ್ತರಕ್ಕೆ ಸಾಗುವಾಗ ಟ್ಯಾಂಪಾ ಅದರ ಬಲಗಡೆ ಇತ್ತು. ಬಲಗಡೆಯ ಗಾಳಿ ನೀರನ್ನು ಕೊಲ್ಲಿಯ ಒಳಕ್ಕೆ ತಳ್ಳಿತು. ಹೆಲೀನ್ ಮೈಯೂ ದೊಡ್ಡದು, ಹಾಗಾಗಿ ಅಷ್ಟು ದೂರದಿಂದಲೇ ತಳ್ಳಿತು. ಮಿಲ್ಟನ್ ಅಕ್ಟೋಬರ್ 9ರ ರಾತ್ರಿ ಟ್ಯಾಂಪಾದಿಂದ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಹತ್ತಿರ ದಡ ಹತ್ತಿತು. ಈಗ ಟ್ಯಾಂಪಾ ಎಡಗಡೆಗೆ ಬಂತು. ಅಲ್ಲಿ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸಿ ನೀರನ್ನು ಹೊರಕ್ಕೆ ದೂಡಿತು. ಕಣ್ಣು ಇನ್ನು ಸ್ವಲ್ಪ ಉತ್ತರಕ್ಕೆ ಸರಿದು ಕೊಲ್ಲಿಯ ಬಾಯಿ ದಾಟಿದ್ದರೆ ನಿಮ್ಮ ಮಗಳ ಬೀದಿಯ ಕಥೆಯೇ ಬೇರೆ ಇತ್ತು.

ಹಾಗಂತ ಮಿಲ್ಟನ್ ಪಾಪದ್ದಲ್ಲ. ಟ್ಯಾಂಪಾದ ಪಕ್ಕದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 45 ಸೆಂ.ಮೀ.ಗೂ ಜಾಸ್ತಿ ಮಳೆ ಸುರಿಯಿತು. ಕಣ್ಣು ದಡ ಹತ್ತುವುದಕ್ಕೂ ಮೊದಲೇ ಫ್ಲಾರಿಡಾದ ಇನ್ನೊಂದು ಮಗ್ಗುಲಿನ ಸೇಂಟ್ ಲೂಸಿ ಕೌಂಟಿಯಲ್ಲಿ ಸುಂಟರಗಾಳಿ ಎದ್ದು ಜನ ಸತ್ತರು. ಮ್ಯಾಪಿನ ಚುಕ್ಕೆಯನ್ನೇ ನೋಡುತ್ತಾ ಕೂತವರಿಗೆ ಇದ್ಯಾವುದೂ ಕಾಣುವುದಿಲ್ಲ.

ಟ್ಯಾಂಪಾ ಕಡೆ ಅಂದಾಜು ಜಾಸ್ತಿ ಹೊರಳುವುದಕ್ಕೆ ಇನ್ನೊಂದು ಕಾರಣ ಇದೆ. ಫ್ಲಾರಿಡಾದ ಪಶ್ಚಿಮ ತೀರ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಇದೆ. ಬಿರುಗಾಳಿ ಕೆಳಗಿನಿಂದ ಆ ತೀರಕ್ಕೆ ಒತ್ತಿಕೊಂಡೇ ಮೇಲೆ ಬರುತ್ತದೆ, ಹಾಗಾಗಿ ದಿಕ್ಕು ಒಂದು ಚೂರು ತಿರುಗಿದರೂ ದಡ ಹತ್ತುವ ಜಾಗ ನೂರು ಕಿ.ಮೀ. ಹೆಚ್ಚು ಕಡಿಮೆ ಆಗುತ್ತದೆ. 2022ರ ಇಯಾನ್‌ನಲ್ಲಿ ಆದದ್ದೂ ಇದೇ. ಎರಡು ಮೂರು ದಿನ ಮೊದಲು ಎಲ್ಲರ ಕಣ್ಣೂ ಟ್ಯಾಂಪಾ ಮೇಲೆ ಇತ್ತು. ಸೆಪ್ಟೆಂಬರ್ 28ರಂದು ಅದು ಸುಮಾರು 140 ಕಿ.ಮೀ. ದಕ್ಷಿಣದ ಕಾಯೋ ಕೋಸ್ಟಾಕ್ಕೆ ಬಡಿಯಿತು. ಪಕ್ಕದ ಫೋರ್ಟ್ ಮೈಯರ್ಸ್ ಬೀಚ್ ಗುರುತು ಸಿಗದ ಹಾಗಾಯಿತು. ಆ ಊರು ಕೋನ್‌ನ ಅಂಚಿನಲ್ಲಿತ್ತು. ಅಂಚು ತಾನೇ ಅಂತ ಸುಮ್ನೆ ಇದ್ದವರು ಕೆಟ್ಟರು.

ನೀವು ಇಲ್ಲಿ ಕೂತು ಮಾಡಬಹುದಾದ್ದು ಇಷ್ಟು. 'ಎಲ್ಲಿಗೆ ಬರುತ್ತಂತೆ?' ಅಂತ ಮಗಳನ್ನು ಕೇಳಬೇಡಿ. 'ನಿಮ್ಮ ಮನೆ ಯಾವ ಝೋನ್?' ಅಂತ ಕೇಳಿ. ಫ್ಲಾರಿಡಾದಲ್ಲಿ ತೀರದ ಊರುಗಳನ್ನು ನೀರು ನುಗ್ಗುವ ಅಪಾಯ ನೋಡಿ ಎ, ಬಿ, ಸಿ ಅಂತ ಝೋನ್ ಮಾಡಿದ್ದಾರೆ. ಎ ಇದ್ದರೆ ಮೊದಲು ಖಾಲಿ ಮಾಡಬೇಕಾದ ಜಾಗ. ಖಾಲಿ ಮಾಡಿ ಅಂದ ದಿನವೇ ಹೊರಡಲಿ, ಕೋನ್ ಎಲ್ಲಿದೆ ಅಂತ ನೋಡುವುದು ಬೇಡ. ಇನ್ನು ನಿದ್ದೆಯ ವಿಷಯ. ಸೀಸನ್‌ನಲ್ಲಿ ಬಿರುಗಾಳಿ ಎದ್ದಾಗ ಆ ಹರಿಕೇನ್ ಸೆಂಟರ್ ಪ್ರಕಟಣೆ ಆರು ಗಂಟೆಗೊಮ್ಮೆ, ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಎಂಟೂವರೆ, ಮಧ್ಯಾಹ್ನ ಎರಡೂವರೆ, ರಾತ್ರಿ ಎಂಟೂವರೆ, ಆಮೇಲೆ ನಡುರಾತ್ರಿ ಎರಡೂವರೆಗೆ ಬರುತ್ತದೆ. ತೀರಕ್ಕೆ ಹತ್ತಿರ ಬಂದಾಗ ನಡುನಡುವೆ ಮೂರು ಗಂಟೆಗೊಂದು ಬರುತ್ತದೆ. ರಾತ್ರಿ ಎಂಟೂವರೆಯದ್ದು ನೋಡಿ ಮಲಗಿ. ನಡುರಾತ್ರಿಯದ್ದು ಅಳಿಯ ನೋಡಿಕೊಳ್ಳಲಿ, ಆಗ ಅವರಿಗೆ ಸಂಜೆ.

ಪ್ರಶ್ನೆ: ಮುಂದಿನ ವರ್ಷ ಎಷ್ಟು ಚಂಡಮಾರುತ ನಮ್ಮ ಕಡೆ ಬರುತ್ತವೆ? (ಕಡೂರು)

ಉತ್ತರ: ರಾಶಿಫಲ ಕೊನೆಯ ಪುಟದಲ್ಲಿದೆ.

ಪ್ರಶ್ನೆ: ಅರೇಬಿಕಾ ಕಾಫಿ ಕೊಯ್ಲು ನಡೆಯುವಾಗಲೇ ಪ್ರತಿ ವರ್ಷ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಬರುತ್ತದೆ. ಗ್ರೂಪಿನಲ್ಲಿ ಒಬ್ಬರು ಚೆನ್ನೈಗೆ ಹೊಡೆಯುವ ಚಿತ್ರ ಹಾಕಿದರೆ ಇನ್ನೊಬ್ಬರು ಆಂಧ್ರಕ್ಕೆ ಹೋಗುವ ಚಿತ್ರ ಹಾಕುತ್ತಾರೆ. ಕಣದಲ್ಲಿ ಪಾರ್ಚ್‌ಮೆಂಟ್, ಅಂದರೆ ಪಲ್ಪ್ ಮಾಡಿ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಇದೆ, ಗಿಡದಲ್ಲಿ ಹಣ್ಣಿದೆ. ಯಾರ ಮಾತು ಕೇಳುವುದು? (ಬೆಳೆಗಾರರು, ಮೂಡಿಗೆರೆ ತಾಲ್ಲೂಕು)

ಉತ್ತರ: ಇಬ್ಬರದ್ದೂ ಸದ್ಯಕ್ಕೆ ಬೇಡ. ಗ್ರೂಪಿಗೆ ಬರುವ ಚಿತ್ರ ಒಂದು ಮಾಡೆಲ್‌ನ, ಅಂದರೆ ಹವಾಮಾನ ಅಂದಾಜು ಮಾಡುವ ಕಂಪ್ಯೂಟರ್‌ನ, ಒಂದು ಹೊತ್ತಿನ ಲೆಕ್ಕ. ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕುತ್ತದೆ, ಯುರೋಪಿನದ್ದೂ ಹಾಗೇ ಬದಲಾಗುತ್ತಾ ಇರುತ್ತದೆ. ಬೆಳಗಿನ ಚಿತ್ರ ಸಂಜೆಗೆ ಹಳಸಿರುತ್ತದೆ. ಹತ್ತು ದಿನ ಆಚೆಯ ಚಿತ್ರವನ್ನು ಕಳಿಸಿದವರಿಗೇ ವಾಪಸ್ ಕಳಿಸಿ. ವಿಂಡಿ ಆಪ್‌ನಲ್ಲಿ ಎರಡೂ ಮಾಡೆಲ್ ಬದಲಾಯಿಸಿ ನೋಡಬಹುದು. ಮೂರು ದಿನದೊಳಗಿನ ವಿಷಯಕ್ಕೆ ಎರಡೂ ಒಂದೇ ಮಾತು ಹೇಳಿ, ಮಾರನೇ ದಿನವೂ ಅದೇ ಮಾತಿಗೆ ನಿಂತರೆ ಆಗ ಆಳುಗಳಿಗೆ ಹೇಳಲು ಹೊರಡಿ. ಅದಕ್ಕಿಂತ ಮುಖ್ಯ ನಮ್ಮ ಹವಾಮಾನ ಇಲಾಖೆಯ ಬುಲೆಟಿನ್. ಚಂಡಮಾರುತ ಆದ ಮೇಲೆ ಅವರದ್ದು ಮೂರು ಗಂಟೆಗೊಂದು ಬರುತ್ತದೆ.

ಅದನ್ನು ತೆರೆದ ಕೂಡಲೇ ದಡ ಹತ್ತುವ ಊರಿನ ಹೆಸರು ಹುಡುಕುತ್ತೇವೆ, ಅಲ್ವಾ? ನಮಗೆ ಬೇಕಾದದ್ದು ಅದರ ಮುಂದಿನ ಸಾಲು: ದಡ ಹತ್ತಿದ ಮೇಲೆ ಯಾವ ಕಡೆ ಸಾಗುತ್ತದೆ, ಎಷ್ಟು ನಿಧಾನ. ಚಂಡಮಾರುತಕ್ಕೆ ಸ್ವಂತ ದಾರಿ ಇಲ್ಲ, ಮೇಲಿನ ಗಾಳಿ ತಳ್ಳಿದತ್ತ ಹೋಗುತ್ತದೆ. ಎರಡೂ ಕಡೆಯಿಂದ ಒತ್ತಡ ಬಿದ್ದರೆ ನಿಂತಲ್ಲೇ ನಿಂತು ಸುರಿಯುತ್ತದೆ. 2024ರ ಫೆಂಗಲ್ ನೋಡಿ. ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು, ಅಲ್ಲೇ ಗಂಟೆಗಟ್ಟಲೆ ಅಲ್ಲಾಡದೆ ಕೂತಿತು, ಪುದುಚೇರಿಗೆ ಒಂದೇ ದಿನದಲ್ಲಿ 45 ಸೆಂ.ಮೀ.ಗೂ ಜಾಸ್ತಿ ಮಳೆ ಸುರಿಸಿತು. ಟಿವಿಯವರು ಅಲ್ಲಿಗೆ ಕ್ಯಾಮರಾ ಮುಚ್ಚಿದರು. ಉಳಿದ ಮೋಡ ಮೆಲ್ಲಗೆ ತಮಿಳುನಾಡು ದಾಟಿ ನಮ್ಮ ತಲೆ ಮೇಲೆ ಬಂತು, ಡಿಸೆಂಬರ್ 3ರ ಹೊತ್ತಿಗೆ ಅರಬ್ಬಿ ಸಮುದ್ರ ಸೇರಿತು. ಕೊಡಗು, ಹಾಸನ, ಚಿಕ್ಕಮಗಳೂರಿನ ಕಣಗಳು ನೆನೆದದ್ದು ಆಗ. ಗಾಳಿಯ ಲೆಕ್ಕದಲ್ಲಿ ಅದು ಆಗಲೇ ಚಂಡಮಾರುತ ಅಲ್ಲ, ಬರೀ ಕಡಿಮೆ ಒತ್ತಡ. ಕಾಫಿಗೆ ಆ ಲೆಕ್ಕ ಗೊತ್ತಾಗುತ್ತದೆಯೇ?

ಹಾಗಾಗಿ ನಾಗಪಟ್ಟಣದಿಂದ ಚೆನ್ನೈವರೆಗಿನ ತೀರಕ್ಕೆ ಬಂದು ಪಶ್ಚಿಮಕ್ಕೆ ಸಾಗುತ್ತದೆ ಎಂದಿದ್ದರೆ ದಡ ಹತ್ತಿದ ಮಾರನೇ ದಿನದಿಂದ ಎರಡು ಮೂರು ದಿನ ನಮ್ಮದು ಅಂತ ಇಟ್ಟುಕೊಳ್ಳಿ. ಆಂಧ್ರದ ಕಡೆ ಏರಿದರೆ ಸಾಮಾನ್ಯವಾಗಿ ನಮಗೆ ಮೋಡ ಮುಚ್ಚಿ ಚಳಿ ಹಿಡಿಯುತ್ತದೆ, ಅಷ್ಟೇ. ಅಲ್ಲೂ ಚುಕ್ಕೆ ಮೋಸ ಮಾಡುತ್ತದೆ: 2023ರ ಮಿಚಾಂಗ್ ದಡ ಹತ್ತಿದ್ದು ಬಾಪಟ್ಲ ಹತ್ತಿರ, ಮುಳುಗಿದ್ದು ಮುನ್ನೂರು ಕಿ.ಮೀ. ಈಚೆಯ ಚೆನ್ನೈ. ಗುಡ್ಡದವರು ನಾವು, ಸಮುದ್ರ ದೂರ ಅನ್ನುವ ಧೈರ್ಯವೂ ಬೇಡ. ಮೇಲೆ ಹೇಳಿದ ಹೆಲೀನ್ ಅತಿ ಹೆಚ್ಚು ಜನರನ್ನು ಕೊಂದದ್ದು ಫ್ಲಾರಿಡಾದ ಬೀಚಿನಲ್ಲಲ್ಲ, ದಡದಿಂದ ಸುಮಾರು ಆರುನೂರು ಕಿ.ಮೀ. ಒಳಗೆ, ನಾರ್ತ್ ಕೆರೊಲಿನಾದ ಗುಡ್ಡಗಾಡಿನಲ್ಲಿ. ಹೊಳೆ ಉಕ್ಕಿತು, ಗುಡ್ಡ ಕುಸಿಯಿತು.

ಇನ್ನು ಕಣ. ಮಳೆ ಬರುವ ಸುದ್ದಿ ಗಟ್ಟಿಯಾದರೆ ಒಣಗಿಸಲು ಜಾಗ ಇರುವಷ್ಟೇ ಕೊಯ್ಯಿಸಿ. ಬಲಿತ ಹಣ್ಣು ಮಳೆಗೆ ಒಡೆದು ಉದುರುತ್ತದೆ, ನಿಜ. ಉದುರಿದ್ದನ್ನು ಹೆಕ್ಕಿಸಬಹುದು, ರಾಶಿಯಲ್ಲಿ ಹುಳಿ ಬಂದದ್ದನ್ನು ಏನು ಮಾಡುತ್ತೀರಿ? ಪಲ್ಪ್ ಮಾಡಿ ತೊಳೆದದ್ದನ್ನು ಒಂದು ದಿನ ಒಳ್ಳೆ ನೀರಿನಲ್ಲಿ ನೆನೆಹಾಕಿ ಇಟ್ಟು ಸಮಯ ಗಳಿಸಬಹುದು. ಕಷ್ಟ ಇರುವುದು ಅರ್ಧ ಒಣಗಿದ ಪಾರ್ಚ್‌ಮೆಂಟ್‌ದು. ರಾಶಿ ಮಾಡಿ ಟಾರ್ಪಾಲ್ ಎಳೆದು ನಾಲ್ಕು ಕಡೆ ಕಲ್ಲು ಹೇರಿ ಬಂದು ಬಿಟ್ಟರೆ ಆಯಿತು ಅನ್ನುವವರೇ ಜಾಸ್ತಿ. ಹೊರಗೆ ಸೋನೆ ಬೀಳುತ್ತಿರುತ್ತದೆ, ಒಳಗೆ ರಾಶಿ ಬಿಸಿಯೇರುತ್ತಿರುತ್ತದೆ. ಟಾರ್ಪಾಲಿನ ಒಳಮೈ ಮುಟ್ಟಿ ನೋಡಿ, ಹನಿ ಕೂತಿರುತ್ತದೆ. ಮೊಣಕೈ ತನಕ ಕೈ ತೂರಿಸಿದಾಗ ಬಿಸಿ ತಾಗಿದರೆ, ಮುಗ್ಗಲು ವಾಸನೆ ಬಂದರೆ, ರಾತ್ರಿಯಾದರೂ ಸರಿ ಗೋಡೌನಿನ ನೆಲಕ್ಕೋ ಮನೆಯ ಜಗಲಿಗೋ ತೆಳ್ಳಗೆ ಹರವಿಸಿ. ಮಳೆ ಬಿಟ್ಟ ಪ್ರತಿ ಗಂಟೆಗೂ ಟಾರ್ಪಾಲ್ ತೆಗೆದು ಕೈಯಾಡಿಸಲು ಒಬ್ಬರನ್ನು ಕಣದಲ್ಲೇ ಬಿಡಿ. ಆ ಮೂರು ದಿನದ ಕೂಲಿ ದಂಡ ಅಲ್ಲ.

ಪ್ರಶ್ನೆ: ಈ ವಿಚಿತ್ರ ಹೆಸರುಗಳನ್ನು ಯಾರು ಇಡುತ್ತಾರೆ? ನಾವೂ ಒಂದು ಹೆಸರು ಕಳಿಸಬಹುದಾ? (ಅರಸೀಕೆರೆ)

ಉತ್ತರ: ನಮ್ಮ ಭಾಗದ ಸಮುದ್ರಕ್ಕೆ 13 ದೇಶಗಳು ತಲಾ 13 ಹೆಸರು ಕೊಟ್ಟಿವೆ, ಒಟ್ಟು 169. ಈ ಪಟ್ಟಿ 2020ರಲ್ಲಿ ಬಂತು. ಫೆಂಗಲ್ ಸೌದಿಯವರದ್ದು, ಮಿಚಾಂಗ್ ಮ್ಯಾನ್ಮಾರ್‌ನವರದ್ದು. ನಮ್ಮ ದೇಶದ್ದರಲ್ಲಿ ಗತಿ, ತೇಜ್ ಆಗಿ ಹೋದವು. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲೆಯೇ ದೆಹಲಿಯ ಹವಾಮಾನ ಇಲಾಖೆ ಹೆಸರು ಇಡುತ್ತದೆ. ನಮ್ಮಲ್ಲಿ ಒಮ್ಮೆ ಬಳಸಿದ ಹೆಸರು ಮತ್ತೆ ಬರುವುದಿಲ್ಲ. ಅಟ್ಲಾಂಟಿಕ್‌ನಲ್ಲಿ ಆರು ಪಟ್ಟಿ ಸರದಿಯಲ್ಲಿ ತಿರುಗುತ್ತವೆ, ಜಾಸ್ತಿ ಹಾನಿ ಮಾಡಿದವನ್ನು ಮಾತ್ರ ಕಿತ್ತು ಹಾಕುತ್ತಾರೆ. ಇಯಾನ್, ಹೆಲೀನ್, ಮಿಲ್ಟನ್ ಮೂರೂ ಹಾಗೆ ಹೋದವು. ನೀವು ಹೆಸರು ಕಳಿಸುವುದಾದರೆ ಚಿಕ್ಕದಿರಲಿ, ಯಾರ ಮನಸ್ಸಿಗೂ ನೋವಾಗದಿರಲಿ. ಅತ್ತೆಯ ಹೆಸರು ಬೇಡ.

ಪ್ರಶ್ನೆ: ಅರಬ್ಬಿ ಸಮುದ್ರದ ಚಂಡಮಾರುತ ನಮ್ಮ ಮಂಗಳೂರು, ಉಡುಪಿಗೆ ಏಕೆ ನೇರವಾಗಿ ಬಡಿಯುವುದಿಲ್ಲ? ನಮ್ಮ ಅಪ್ಪ ಮುಂಗಾರಿನ ಲೆಕ್ಕ ಇದರಿಂದಲೇ ತಪ್ಪುತ್ತದೆ ಅನ್ನುತ್ತಾರೆ. (ಪಿಯು ವಿದ್ಯಾರ್ಥಿನಿ, ಶೃಂಗೇರಿ)

ಉತ್ತರ: ಅಲ್ಲಿ ಹುಟ್ಟುವುದು ಹೆಚ್ಚಾಗಿ ನಮ್ಮ ತೀರಕ್ಕೆ ಬೆನ್ನು ಹಾಕಿ ಒಮನ್, ಯೆಮನ್ ಕಡೆ ಹೋಗುತ್ತದೆ, ಇಲ್ಲವೇ ತೀರಕ್ಕೆ ಸಮಾನಾಂತರವಾಗಿ ಮೇಲಕ್ಕೆ ಹತ್ತಿ ಗುಜರಾತ್ ಕಡೆ ತಿರುಗುತ್ತದೆ. ಬಡಿಯದಿದ್ದರೂ ಹಾದು ಹೋಗುವಾಗಲೇ ಸಾಕು ಸಾಕು ಮಾಡುತ್ತದೆ. 2021ರ ತೌಕ್ತೆ ದಡ ಹತ್ತಿದ್ದು ಮೇ 17ರಂದು ಗುಜರಾತಿನಲ್ಲಿ, ಅದಕ್ಕೂ ಮೊದಲು ನಮ್ಮ ಕರಾವಳಿಯನ್ನು ಕಡಲು ಕೊರೆದಿತ್ತು, ಮಲೆನಾಡಿಗೂ ಮಳೆ ಬಂದಿತ್ತು. ನಿಮ್ಮ ಅಪ್ಪ ಹೇಳುವುದರಲ್ಲಿ ಹುರುಳಿದೆ. 2023ರ ಜೂನ್‌ನಲ್ಲಿ ಬಿಪರ್ಜಾಯ್ ಸಮುದ್ರದಲ್ಲಿ ಸುತ್ತುತ್ತಿದ್ದಾಗ ಮುಂಗಾರು ಕೇರಳಕ್ಕೆ ಬಂದದ್ದು 8ಕ್ಕೆ, ಒಂದು ವಾರ ತಡ, ಬಂದ ಮೇಲೂ ಸೊರಗಿತ್ತು. ಸುಳಿ ತೇವವನ್ನೆಲ್ಲ ತನ್ನ ಕಡೆ ಎಳೆದುಕೊಂಡರೆ ನಮ್ಮ ಕಡೆ ಬೀಸುವ ಗಾಳಿಯಲ್ಲಿ ಜೀವ ಇರುವುದಿಲ್ಲ. ಆದ್ದರಿಂದ ಮೇ ತಿಂಗಳ ಸೈಕ್ಲೋನ್ ಮಳೆಯನ್ನೇ ಮುಂಗಾರು ಅಂತ ತಿಳಿದು ಸಸಿಮಡಿಗೆ ಬೀಜ ಚೆಲ್ಲಬೇಡಿ. ಇಲಾಖೆ ಕೇರಳಕ್ಕೆ ಮುಂಗಾರು ಬಂತು ಅನ್ನಲಿ, ಆಮೇಲೆ ನಾಲ್ಕು ದಿನ ನೋಡಿ ಗದ್ದೆಗೆ ಇಳಿಯಲಿ ಅಂತ ಅಪ್ಪನಿಗೆ ಹೇಳಮ್ಮ.