ತೋಳು ಇರಲಿ, ಮಗಳ ಎಡಮಂಡಿ ನೋಡಿ

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಬೀದಿಯಲ್ಲಿ ಹುಡುಗರ ಜೊತೆ ಕ್ರಿಕೆಟ್ ಆಡಿಕೊಂಡೇ ಬೆಳೆದವಳು. ಈ ವರ್ಷ ಸ್ಕೂಲಿನ ಸಾಫ್ಟ್‌ಬಾಲ್ ಟೀಮಿಗೆ ಸೇರಿದ್ದಾಳೆ. ಬಾಲ್ ಬ್ಯಾಟಿಗೆ ಸಿಗುತ್ತದೆ, ಆದರೆ ಬರೀ ನೆಲದ ಮೇಲೆ ಉರುಳುತ್ತದೆ. ಕೋಚ್ ‘ಸೊಂಟ ತಿರುಗಿಸು’ ಅಂತಾರೆ. ಅವಳು ತಿರುಗಿಸ್ತಾನೇ ಇದ್ದಾಳೆ! ತೋಳಿಗೆ ಬಲ ಬರೋ ವ್ಯಾಯಾಮ ಮಾಡಿಸಬೇಕಾ?
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ತೋಳಿನ ವಿಷಯ ಸದ್ಯಕ್ಕೆ ಬಿಡಿ. ಅವಳು ಬಲಗೈ ಆಟಗಾರ್ತಿ ಅಂದುಕೊಂಡು ಹೇಳುತ್ತೇನೆ. ನನಗೆ ಅನುಮಾನ ಇರುವುದು ಎಡಮಂಡಿಯ ಮೇಲೆ.

ಕ್ರಿಕೆಟ್‌ನಲ್ಲಿ ಡ್ರೈವ್ ಹೊಡೆಯುವಾಗ ಮುಂದಿನ ಮಂಡಿ ಬಗ್ಗಬೇಕು, ತಲೆ ಬಾಲಿನ ಮೇಲೆ ಬರಬೇಕು. ಬಾಲ್ ನೆಲ ಬಿಡದಿರಲಿ ಅಂತಲೇ ಹಾಗೆ ಕಲಿಸುವುದು. ಆ ಅಭ್ಯಾಸ ಅವಳ ಜೊತೆ ಇಲ್ಲಿಗೂ ಬಂದಿರಬೇಕು. ಸಾಫ್ಟ್‌ಬಾಲ್‌ನಲ್ಲಿ ಬಾಲ್ ಹೊಡೆದವಳು ಮೊದಲು ಓಡಿ ಮುಟ್ಟಬೇಕಾದ ಜಾಗ, ಅಂದರೆ ಫಸ್ಟ್ ಬೇಸ್, ಇರುವುದು 60 ಅಡಿ ದೂರದಲ್ಲಿ. ಉರುಳಿ ಬಂದ ಬಾಲನ್ನು ಫೀಲ್ಡರ್ ಎತ್ತಿ, ಅವಳು ತಲುಪುವ ಮೊದಲೇ ಅಲ್ಲಿಗೆ ಎಸೆದರೆ ಮುಗೀತು, ಔಟ್.

ಇಲ್ಲಿ ಮುಂದಿನ ಕಾಲೇ ಬ್ರೇಕು. ಬಿಎಂಟಿಸಿ ಬಸ್ಸು ಗಕ್ಕನೆ ನಿಂತಾಗ ನಿಮ್ಮ ಕಾಲು ಬಸ್ಸಿನ ಜೊತೆ ನಿಲ್ಲುತ್ತದೆ, ಮೈ ಮುಂದಕ್ಕೆ ಎಸೆದ ಹಾಗೆ ಹೋಗುತ್ತದೆ ಅಲ್ವಾ? ಎಡಪಾದ ಊರಿದ ಮೇಲೆ ಮಂಡಿ ಗಟ್ಟಿಯಾಗಿ ನೆಟ್ಟಗಾಗುತ್ತಾ ಬಂದರೆ, ಸೊಂಟ ಮುಂದೆ ಜಾರುವುದು ನಿಲ್ಲುತ್ತದೆ. ಆ ವೇಗ ಎದೆಗೆ, ಭುಜಕ್ಕೆ, ಕೊನೆಗೆ ಬ್ಯಾಟಿಗೆ ಹತ್ತುತ್ತದೆ. ಮಂಡಿ ಕುಸಿದರೆ ಬ್ರೇಕೇ ಇಲ್ಲ. ಹೆಜ್ಜೆಯೂ ಉದ್ದ ಬೇಡ, ಗೇಣುದ್ದ ಸಾಕು.

ಕೋಚ್ ಹೇಳಿದ್ದು ಸರಿಯೇ. ಆದರೆ ಸೊಂಟ ಮೊದಲು, ಭುಜ ಆಮೇಲೆ. ಒದ್ದೆ ಬೆಡ್‌ಶೀಟನ್ನು ಇಬ್ಬರು ಹಿಡಿದು ಹಿಂಡುತ್ತೀರಲ್ಲ, ಎರಡೂ ತುದಿ ಒಟ್ಟಿಗೆ ಒಂದೇ ಕಡೆ ಸುತ್ತಿದರೆ ಹನಿ ನೀರೂ ಇಳಿಯಲ್ಲ. ನಿಮ್ಮ ಮಗಳು ಬಹುಶಃ ಹಾಗೆ ತಿರುಗುತ್ತಿದ್ದಾಳೆ, ಬಾಗಿಲಿನ ಥರ ಇಡೀ ಮೈ ಒಂದೇ ಸಲ.

ಹಿಂದಿನ ಕಾಲಿಗೆ ‘ಜಿರಳೆ ಹೊಸಕಿದ ಹಾಗೆ ತಿರುಗಿಸು’ ಅನ್ನುವವರಿದ್ದಾರೆ. ನನಗೆ ಆ ಮಾತು ಇಷ್ಟವಿಲ್ಲ. ಹೊಸಕಬೇಕಾದರೆ ಭಾರ ಹಿಂದೆಯೇ ಇರಬೇಕಲ್ಲ! ಭಾನುವಾರ ಮಣ್ಣಿನ ಮೈದಾನಕ್ಕೆ ಕರೆದುಕೊಂಡು ಹೋಗಿ. ಹತ್ತು ಸ್ವಿಂಗ್ ಮಾಡಿಸಿ, ಬಲಗಾಲಿನ ಕೆಳಗೆ ನೋಡಿ. ದುಂಡಗೆ ಗುಳಿ ಬಿದ್ದಿದ್ದರೆ ಭಾರ ಅಲ್ಲೇ ಉಳಿದಿದೆ. ಶೂ ತುದಿಯಿಂದ ಮುಂದಕ್ಕೆ ಸಣ್ಣ ಗೀರು ಎಳೆದಿದ್ದರೆ ಭಾರ ಮುಂದೆ ಹೋಗಿದೆ, ಒಳ್ಳೆಯದು.

ಆಮೇಲೆ ಬಾಲನ್ನು ಒಂದು ಕೋನ್ ಮೇಲೆ ಇಡಿ. ಎಡಪಾದ ಊರಿ ಅವಳು ಹಾಗೇ ನಿಲ್ಲಲಿ. ಕೈ ಇನ್ನೂ ಹಿಂದೆಯೇ ಇರಬೇಕು, ಎದೆ ಪಿಚರ್ (ಬಾಲ್ ಎಸೆಯುವವಳು) ನಿಲ್ಲುವ ಕಡೆ ತಿರುಗಿರಬಾರದು. ನೋಡಿಕೊಂಡು, ‘ಹೂಂ’ ಅನ್ನಿ, ಹೊಡೆಯಲಿ. ದಿನಕ್ಕೆ 15 ಸಲ ಸಾಕು. ಅಡಿ ನುಣ್ಣಗಿರುವ ಕ್ಯಾನ್ವಾಸ್ ಶೂ ಹಾಕಿಸಬೇಡಿ, ಜಾರುವ ಕಾಲಿಂದ ಬ್ರೇಕ್ ಬೀಳಲ್ಲ. ಮಂಡಿಚಿಪ್ಪಿನ ಕೆಳಗೆ ನೋವು ಅಂದರೆ ಅವತ್ತಿಗೆ ನಿಲ್ಲಿಸಿ. ಈ ವಯಸ್ಸಿನ ಆಟದ ಮಕ್ಕಳಲ್ಲಿ ಅದು ಅಪರೂಪವಲ್ಲ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.