ನೀರಿರುವುದು ಕಾಲುವೆಯ ನಡುವೆ, ದಡದಲ್ಲಲ್ಲ

ಇಂಗ್ಲೆಂಡ್-ವೇಲ್ಸ್ ಗಡಿಯ ಮಾಂಟ್‌ಗೊಮೆರಿ ಕಾಲುವೆಗೆ ನ್ಯಾರೋಬೋಟ್ (ಕಾಲುವೆಗೆಂದೇ ಕಟ್ಟಿದ ಉದ್ದನೆಯ, ಕಿರಿದಾದ ದೋಣಿ) ಬಾಡಿಗೆ ಹಿಡಿದು ಹೊರಡುವ ಕನ್ನಡಿಗರು ಹೆಚ್ಚಿದ್ದಾರೆ, ಸಂತೋಷ. ಆದರೆ ಪ್ರತಿ ಬೇಸಿಗೆಯಲ್ಲೂ ಅವೇ ಪ್ರಶ್ನೆಗಳು. ಲಾಕ್ ಎಂದರೇನು, ಪ್ಯಾಡಲ್ ಎತ್ತುವುದು ಹೇಗೆ ಎಂಬುದನ್ನೆಲ್ಲ ದೋಣಿ ಕೊಡುವವರು ಮೊದಲೇ ತೋರಿಸುತ್ತಾರೆ. ಆಗ ಸೆಲ್ಫಿ ತೆಗೆಯುತ್ತ ನಿಂತವರಿಗಾಗಿ ನಾನು ಅದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ಲಾಕ್ ಎಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ, ಎರಡೂ ತುದಿಯಲ್ಲಿ ಬಾಗಿಲಿರುವ ಕೋಣೆ, ಪ್ಯಾಡಲ್ ಎಂದರೆ ಅದರ ನೀರು ಬಿಡುವ ತೂಬು ಎಂದಷ್ಟೇ ತಿಳಿದಿರಲಿ.

ಪ್ರಶ್ನೆ: ನಕ್ಷೆಯಲ್ಲಿ ಕಾಲುವೆ ಫ್ರಾಂಕ್ಟನ್‌ನಿಂದ ನ್ಯೂಟೌನ್ ತನಕ ಇದೆ. ಒಂದು ವಾರದಲ್ಲಿ ಹೋಗಿ ಬರಬಹುದಾ? (ಮಿಲ್ಟನ್ ಕೀನ್ಸ್‌ನಿಂದ)

ಒಂದು ವರ್ಷ ಕೊಟ್ಟರೂ ಆಗುವುದಿಲ್ಲ. 1936ರಲ್ಲಿ ಪೆರಿ ನದಿಯ ಬಳಿ ಕಾಲುವೆಯ ದಂಡೆ ಒಡೆಯಿತು. ಒಡೆತನವಿದ್ದ ರೈಲ್ವೆ ಕಂಪನಿ ಅದನ್ನು ಸರಿಪಡಿಸದೆ ಕೈಬಿಟ್ಟಿತು. 1944ರ ಕಾಯ್ದೆ ಅಧಿಕೃತವಾಗಿ ಬಾಗಿಲು ಹಾಕಿತು. 1969ರಲ್ಲಿ ವೆಲ್ಷ್‌ಪೂಲ್‌ನಲ್ಲಿ ಸ್ವಯಂಸೇವಕರು ಸನಿಕೆ ಹಿಡಿದ ಮೇಲೆ ತುಂಡು ತುಂಡಾಗಿ ಜೀವ ಬರುತ್ತಿದೆ: 1987ರಲ್ಲಿ ಫ್ರಾಂಕ್ಟನ್ ಲಾಕ್‌ಗಳು, 2003ರಲ್ಲಿ ಗ್ರೊನ್ವೆನ್ ತನಕ, 2023ರಲ್ಲಿ ಕ್ರಿಕ್‌ಹೀತ್ ತನಕ. ಲಾಂಗಾಲೆನ್ ಕಾಲುವೆಯಿಂದ ಫ್ರಾಂಕ್ಟನ್‌ನಲ್ಲಿ ಇಳಿದು ಬರುವವರಿಗೆ ಸಿಗುವುದು ಈ ಏಳೆಂಟು ಮೈಲಿ, ಎಂಟು ಲಾಕ್. ವೆಲ್ಷ್‌ಪೂಲ್ ಸುತ್ತ ಇನ್ನೊಂದು ಉದ್ದನೆಯ ತುಂಡಿನಲ್ಲಿ ನೀರಿದೆ, ದೋಣಿಯೂ ಓಡುತ್ತದೆ. ಆದರೆ ಅದು ಉಳಿದ ಕಾಲುವೆಗಳಿಗೆ ಸೇರಿಲ್ಲ. ಆರ್ಡ್‌ಲೀನ್‌ನಲ್ಲಿ ಹೆದ್ದಾರಿಯನ್ನೇ ನೀರಿನ ಮಟ್ಟಕ್ಕೆ ತಗ್ಗಿಸಿ ಕಾಲುವೆಗೆ ಅಡ್ಡ ಹಾಯಿಸಿದ್ದಾರೆ.

ಫ್ರಾಂಕ್ಟನ್‌ನಲ್ಲಿ ಮನಸ್ಸು ಬಂದಾಗ ಇಳಿಯಲೂ ಆಗುವುದಿಲ್ಲ. ಕಾಲುವೆ ನೋಡಿಕೊಳ್ಳುವ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್‌ನಲ್ಲಿ ಮುಂಗಡವಾಗಿ ಬುಕ್ ಮಾಡಬೇಕು. ಲಾಕ್ ಕಾಯುವವರು ಹಗಲಿನ ಗೊತ್ತಾದ ಹೊತ್ತಿನಲ್ಲಿ ಮಾತ್ರ ಬಿಡುತ್ತಾರೆ. ತಡವಾಯಿತೆಂದು ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಬರುವ ದೋಣಿಗಳಿಗೆ ಮಿತಿ ಹಾಕಿರುವುದು ಕಾಲುವೆಯಲ್ಲೇ ಬೆಳೆಯುವ ಅಪರೂಪದ ಜಲಸಸ್ಯಗಳ ಸಲುವಾಗಿ. ವಾಪಸಾಗುವ ದಿನಕ್ಕೂ ಬುಕಿಂಗ್ ಬೇಕು ಎಂಬುದನ್ನು ಅರ್ಧ ಜನ ಮರೆಯುತ್ತಾರೆ.

ಪ್ರಶ್ನೆ: ಮೇಸ್‌ಬರಿ ಹತ್ತಿರ ದಡಕ್ಕೆ ಹೋಗೋಕೇ ಆಗಲಿಲ್ಲ. ನಾಲ್ಕಡಿ ದೂರದಲ್ಲೇ ದೋಣಿ ನಿಂತುಬಿಡ್ತು. ಥ್ರಾಟಲ್ ಕೊಟ್ಟಷ್ಟೂ ಹಿಂದೆ ಕಪ್ಪು ನೀರು. ಹೇಗೋ ಎಳೆದು ಬಿಗಿಯಾಗಿ ಕಟ್ಟಿ ಮಲಗಿದ್ವಿ. ಬೆಳಿಗ್ಗೆ ಎದ್ದರೆ ದೋಣಿ ಓರೆ! ತಪ್ಪಿದ್ದೆಲ್ಲಿ? (ರೀಡಿಂಗ್‌ನಿಂದ)

ಮೂರು ಕಡೆ: ಬಂದ ರೀತಿ, ಥ್ರಾಟಲ್, ಕಟ್ಟಿದ ಹಗ್ಗ.

ಇಂಥ ಕಾಲುವೆಯ ತಳ ಬಾಣಲೆಯ ಹಾಗೆ. ಆಳ ಇರುವುದು ನಡುವೆ ಮಾತ್ರ, ಅಂಚಿಗೆ ಹೋದಂತೆ ಹೂಳು ಏರುತ್ತದೆ. ಹೆಚ್ಚು ದೋಣಿ ಓಡುವ ಕಾಲುವೆಯಲ್ಲಿ ಪ್ರಾಪೆಲ್ಲರ್‌ಗಳೇ ಹೂಳನ್ನು ಕದಡಿ ದಾರಿ ಬಿಡಿಸಿಕೊಳ್ಳುತ್ತವೆ. ಇಲ್ಲಿ ದೋಣಿಗಳೇ ಕಡಿಮೆ. ನಿಮ್ಮ ದೋಣಿ ನೀರಿನೊಳಗೆ ಎರಡು, ಎರಡೂವರೆ ಅಡಿ ಇಳಿದಿರುತ್ತದೆ. ಅದರಲ್ಲೂ ಪ್ರಾಪೆಲ್ಲರ್ ಇರುವ ಹಿಂಬದಿಯೇ ಹೆಚ್ಚು ಆಳಕ್ಕಿರುತ್ತದೆ. ಹಾಗಾಗಿ ದಡಕ್ಕೆ ಸಮಾನಾಂತರವಾಗಿ ಬಂದು, ಬಸ್‌ ನಿಲ್ದಾಣಕ್ಕೆ ಬಸ್ ತಂದಂತೆ ನಿಲ್ಲಿಸಲು ಹೊರಟರೆ ಮೊದಲು ಹೂಳಿಗೆ ತಾಗುವುದು ಹಿಂಬದಿ.

ಬರಬೇಕಾದದ್ದು ಹೀಗೆ. ಸಾಕಷ್ಟು ಮುಂಚೆಯೇ ವೇಗ ಇಳಿಸಿ, ನಡಿಗೆಗಿಂತ ನಿಧಾನವಾಗಿ, ಮೂತಿಯನ್ನು ಇಪ್ಪತ್ತು–ಮೂವತ್ತು ಡಿಗ್ರಿ ಓರೆಯಲ್ಲಿ ದಡದತ್ತ ಬಿಡಿ. ಮೂತಿ ದಡಕ್ಕೆ ಒಂದು ದೋಣಿಯಗಲ ದೂರವಿರುವಾಗ ನ್ಯೂಟ್ರಲ್, ಆಮೇಲೆ ಕ್ಷಣಹೊತ್ತು ರಿವರ್ಸ್. ಮುಂದಿನ ಹಗ್ಗ ಹಿಡಿದವರು ಕಾಲಿಟ್ಟು ಇಳಿಯಬೇಕು, ಹಾರಬಾರದು. ಹಾರುವಷ್ಟು ದೂರವಿದ್ದರೆ ಇನ್ನೂ ಬಂದಿಲ್ಲ ಎಂದೇ ಅರ್ಥ. ಹಿಂಬದಿ ನಡುನೀರಲ್ಲೇ ಇರಲಿ. ಎಂಜಿನ್ ನ್ಯೂಟ್ರಲ್‌ನಲ್ಲಿಟ್ಟು ಅದನ್ನು ಹಗ್ಗದಿಂದ ಮೆಲ್ಲಗೆ ಎಳೆದುಕೊಳ್ಳಿ. ಎರಡಡಿ ಉಳಿದು ಅಲ್ಲೇ ನಿಂತರೆ ನಿಂತುಕೊಳ್ಳಲಿ ಬಿಡಿ. ಚಾವಣಿಯ ಮೇಲೆ ಹಲಗೆ ಇಟ್ಟಿರುವುದು ಅದಕ್ಕೇ.

ಇನ್ನು ಥ್ರಾಟಲ್. "ಸಿಕ್ಕಿಕೊಂಡರೆ ಪೂರ್ತಿ ಕೊಡಿ, ಕಿತ್ತುಕೊಂಡು ಬರುತ್ತೆ" ಎನ್ನುವ ಯೂಟ್ಯೂಬ್ ಪಂಡಿತರನ್ನು ನಂಬಬೇಡಿ. ಪ್ರಾಪೆಲ್ಲರ್ ನೀರನ್ನು ಎಳೆದುಕೊಳ್ಳುವುದು ದೋಣಿಯ ಅಡಿಯಿಂದ. ಇಕ್ಕಟ್ಟಾದ, ಆಳವಿಲ್ಲದ ಕಡೆ ಆ ಜಾಗಕ್ಕೆ ಹೊಸ ನೀರು ಬೇಗ ನುಗ್ಗಲಾರದು. ಹಾಗಾಗಿ ಹಿಂಬದಿ ಇನ್ನಷ್ಟು ಕುಸಿದು ಹೂಳಿನಲ್ಲಿ ಕೂರುತ್ತದೆ. ನೀವು ನೋಡಿದ ಕಪ್ಪು ನೀರು ಅದೇ ಹೂಳು. ಓಡುವಾಗಲೂ ಇದೇ ಲೆಕ್ಕ: ಹಿಂದೆ ದಡಕ್ಕೆ ಅಲೆ ಒಡೆಯುತ್ತಿದ್ದರೆ, ಟಿಲ್ಲರ್ (ಚುಕ್ಕಾಣಿಯ ಹಿಡಿ) ಮಾತು ಕೇಳದಿದ್ದರೆ, ಥ್ರಾಟಲ್ ಇಳಿಸಿ. ಹಿಂಬದಿ ಮೇಲೆದ್ದು ದೋಣಿ ಮೊದಲಿಗಿಂತ ಸಲೀಸಾಗಿ ಹೋಗುತ್ತದೆ.

ಸಿಕ್ಕಿಕೊಂಡಾಗ ಬಂದ ದಾರಿಯಲ್ಲೇ ಮೆಲ್ಲಗೆ ರಿವರ್ಸ್. ಒಳಗಿರುವವರೆಲ್ಲ ಆಳದ ಬದಿಗೆ ಸರಿಯಲಿ. ಬಾರದಿದ್ದರೆ ಎಡಕ್ಕೆ ಬಲಕ್ಕೆ ಓಲಾಡಿಸಿ. ಉದ್ದನೆಯ ಮರದ ಗಳವನ್ನು ಮೂತಿಯ ಕಡೆಯಿಂದ ತಳಕ್ಕೆ ಊರಿ ತಳ್ಳಿ. ಗಳದ ತುದಿ ಎದೆಗೆ, ಹೊಟ್ಟೆಗೆ ನೇರವಾಗಿರಬಾರದು, ಜಾರಿದರೆ ಪೆಟ್ಟು ನಿಮಗೇ. ಪ್ರಾಪೆಲ್ಲರ್ ಹತ್ತಿರ ಗಳ ಇಳಿಸಲೇಬೇಡಿ. ಕಾಲಿನಿಂದ ತಳ್ಳುವ ಶೂರರಿಗೆ: ಅದು ಹದಿನೈದು ಟನ್ ಉಕ್ಕು.

ಕಟ್ಟುವುದು ದಡ ಹೇಗಿದೆ ಎಂಬುದರ ಮೇಲೆ. ಹೆದ್ದಾರಿ ಬದಿಗೆ ಹಾಕುವಂಥ ಉಕ್ಕಿನ ಅಡ್ಡಪಟ್ಟಿ ಇದ್ದರೆ ಅದರ ಹಿಂದಿನ ಸಂದಿಗೆ ಕೊಕ್ಕೆ ಇಳಿಸಿ. ಇಂಥ ಕೊಕ್ಕೆ ಗೂಟಕ್ಕಿಂತ ಎಷ್ಟೋ ಮೇಲು. ಬರೀ ಮಣ್ಣಿನ ದಡವಾದರೆ ಗೂಟ: ತಲೆ ದೋಣಿಯಿಂದ ಆಚೆಗೆ ವಾಲುವಂತೆ, ಮುಕ್ಕಾಲು ಭಾಗ ನೆಲದೊಳಗೆ ಹೋಗುವಂತೆ ಸುತ್ತಿಗೆಯಲ್ಲಿ ಹೊಡೆಯಿರಿ. ಗೂಟ ನೀರಿನ ಕಡೆಯ ಹುಲ್ಲಂಚಿನಲ್ಲೇ ಇರಲಿ. ಕಾಲುದಾರಿಗೆ ಅಡ್ಡ ಹಗ್ಗ ಎಳೆದು ಮರಕ್ಕೆ ಕಟ್ಟುವವರು ಸಂಜೆ ಸೈಕಲ್ಲಿನಲ್ಲಿ ಬರುವವನನ್ನು ಬೀಳಿಸುತ್ತಾರೆ. ಕತ್ತಲಲ್ಲಿ ಕಾಣುವಂತೆ ಗೂಟದ ತಲೆಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ.

ಮುಂದಿನ ಹಗ್ಗ ಮುಂದಕ್ಕೆ, ಹಿಂದಿನದು ಹಿಂದಕ್ಕೆ, ಎರಡೂ ಸುಮಾರು ನಲವತ್ತೈದು ಡಿಗ್ರಿ ಓರೆಯಲ್ಲಿ. ಹಗ್ಗವನ್ನು ಗೂಟದ ಬಳೆಯಲ್ಲಿ ಹಾಯಿಸಿ ತಿರುಗಿ ದೋಣಿಗೇ ತಂದು ಅಲ್ಲಿ ಕಟ್ಟಿ. ಬಿಚ್ಚಲು ಕೆಸರಿಗೆ ಇಳಿಯಬೇಕಿಲ್ಲ. ನಡುವಿನ ಹಗ್ಗ ಚಾವಣಿಗೆ ಕಟ್ಟಿರುವುದು, ಒಂದು ಗಳಿಗೆ ಹಿಡಿದುಕೊಳ್ಳಲಿಕ್ಕೆ. ರಾತ್ರಿಗೆ ಅದೊಂದನ್ನೇ ನಂಬಿದರೆ ಪಕ್ಕದಲ್ಲಿ ದೋಣಿ ಹಾದಾಗಲೆಲ್ಲ ಚಾವಣಿಯನ್ನು ಎಳೆದು ವಾಲಿಸುತ್ತದೆ. ಒಲೆಯ ಮೇಲಿನ ಹಾಲಿನ ಪಾತ್ರೆ ಚೆಲ್ಲುತ್ತದೆ, ಗೂಟ ಕಿತ್ತು ಬರುತ್ತದೆ.

ಬಿಗಿಯಾಗಿ ಕಟ್ಟಿದ್ದಕ್ಕೇ ನಿಮ್ಮ ದೋಣಿ ಓರೆಯಾದದ್ದು. ಲಾಕ್ ಬಾಗಿಲುಗಳು ಸೋರುತ್ತವೆ, ಯಾರೋ ಪ್ಯಾಡಲ್ ಪೂರ್ತಿ ಮುಚ್ಚದೆ ಹೋಗಿರುತ್ತಾರೆ. ರಾತ್ರಿಯಲ್ಲಿ ನೀರು ಕೆಲವು ಇಂಚು ಇಳಿದಾಗ ದಡದ ಕಡೆಯ ಅಂಚು ಹೂಳಿನ ಮೇಲೆ ಕೂತಿತು. ಸಡಿಲವಿದ್ದಿದ್ದರೆ ದೋಣಿ ತಾನೇ ಆಚೆ ಜಾರುತ್ತಿತ್ತು. ಆದ್ದರಿಂದ ಹಗ್ಗದಲ್ಲಿ ತುಸು ಸಡಿಲ ಇರಲಿ. ಮಲಗುವ ಮುಂಚೆ ದಡದ ತಗಡಿನಲ್ಲಿ ನೀರಿನ ಮಟ್ಟ ಎಲ್ಲಿದೆ ಎಂದು ನೋಡಿಕೊಳ್ಳಿ. ಸ್ನಾನದ ತಟ್ಟೆಯ ನೀರು ಒಂದೇ ಮೂಲೆಗೆ ಸೇರತೊಡಗಿದರೆ ಆಗಲೇ ಹಗ್ಗ ಸಡಿಲಿಸಿ ದೋಣಿಯನ್ನು ಆಚೆ ತಳ್ಳಿ, ಬೆಳಗಿನವರೆಗೆ ಕಾಯಬೇಡಿ. ನೀರು ಇಳಿಯಿತೆಂದು ಮೇಲಿನ ಲಾಕ್‌ನ ಪ್ಯಾಡಲ್ ಎತ್ತಿ ನೀರು ಬಿಟ್ಟುಕೊಳ್ಳುವ ಬುದ್ಧಿವಂತಿಕೆ ಬೇಡವೇ ಬೇಡ. ಮೇಲಿನ ತುಂಡು ಖಾಲಿಯಾಗಿ ಅಲ್ಲಿಯ ದೋಣಿಗಳು ಕೂರುತ್ತವೆ. ಟ್ರಸ್ಟಿಗೆ ಫೋನ್ ಮಾಡಿ.

ಹೊರಡುವಾಗ ಎಲ್ಲ ತಿರುವುಮುರುವು. ಗಳವನ್ನು ದಡಕ್ಕೆ ಊರಿ ಹಿಂಬದಿಯನ್ನು ಮೊದಲು ಆಚೆ ತಳ್ಳಿ, ರಿವರ್ಸ್‌ನಲ್ಲಿ ನಡುನೀರಿಗೆ ಬಂದು, ಆಮೇಲೆ ಮುಂದೆ ಹೋಗಿ.

ಕೊನೆಯದಾಗಿ, ಕಂಡಕಂಡಲ್ಲಿ ಕಟ್ಟಬೇಡಿ. ಈ ಕಾಲುವೆಯ ಅಂಚಿನ ಜೊಂಡೇ ಸಂರಕ್ಷಿತ. ಕ್ವೀನ್ಸ್ ಹೆಡ್, ಮೇಸ್‌ಬರಿ ಮಾರ್ಷ್‌ನಂಥ ಗೊತ್ತುಮಾಡಿದ ತಾಣಗಳಲ್ಲೇ ನಿಲ್ಲಿಸಿ. ಕಾಲುದಾರಿ ಇಲ್ಲದ ಎದುರು ದಡ ಸಾಮಾನ್ಯವಾಗಿ ಖಾಸಗಿ.

ಪ್ರಶ್ನೆ: ದಾರಿಯಲ್ಲಿ ದೋಣಿ ನಡುಗತೊಡಗಿತು, ಕಪ್ಪು ಹೊಗೆ ಬಂತು. ಎಂಜಿನ್ ಕೆಟ್ಟಿತಾ?

ಹೆಚ್ಚಾಗಿ ಪ್ರಾಪೆಲ್ಲರಿಗೆ ಏನೋ ಸುತ್ತಿಕೊಂಡಿದೆ. ನ್ಯೂಟ್ರಲ್‌ಗೆ ತಂದು ಎರಡು ಕ್ಷಣ ರಿವರ್ಸ್ ಕೊಡಿ, ಸೊಪ್ಪಾದರೆ ಬಿಚ್ಚಿಕೊಳ್ಳುತ್ತದೆ. ಬಿಡದಿದ್ದರೆ ದೋಣಿ ಕಟ್ಟಿ, ಎಂಜಿನ್ ಆರಿಸಿ, ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ವೀಡ್ ಹ್ಯಾಚ್ (ಪ್ರಾಪೆಲ್ಲರ್ ಮೇಲಿನ ಕಿಂಡಿಯ ಮುಚ್ಚಳ) ತೆಗೆದು ಕೈ ಹಾಕಿ. ತಂತಿಯೂ ಇರಬಹುದು, ಕೈಗವಸು ಇರಲಿ. ಮುಚ್ಚಳವನ್ನು ಮತ್ತೆ ಸರಿಯಾಗಿ ಕೂರಿಸಿ ಬಿಗಿ ಮಾಡಿದ ಮೇಲೆಯೇ ಎಂಜಿನ್ ಹಚ್ಚಿ. ಅದು ಸಡಿಲವಿದ್ದರೆ ಪ್ರಾಪೆಲ್ಲರ್ ಎಂಜಿನ್ ಕೋಣೆಗೇ ನೀರು ತುಂಬಿ ದೋಣಿಯನ್ನು ಮುಳುಗಿಸುತ್ತದೆ. ಉತ್ಪ್ರೇಕ್ಷೆಯಲ್ಲ.

ಪ್ರಶ್ನೆ: ಲೈಸೆನ್ಸ್ ಬೇಕಾ?

ಬಾಡಿಗೆ ದೋಣಿ ನಡೆಸುವವರಿಗೆ ಬೇಡ.

ಪ್ರಶ್ನೆ: ಕಾಲುವೆಯಲ್ಲಿ ಮಕ್ಕಳು ಈಜಬಹುದಾ?

ಬೇಡ. ಮಲೆನಾಡಿನವರಿಗೆ ಇಲಿ ಜ್ವರ ಹೇಳಿಕೊಡಬೇಕಿಲ್ಲ, ಇಲ್ಲಿಯ ನೀರಿನಲ್ಲೂ ಅದೇ.

ಪ್ರಶ್ನೆ: ರಾತ್ರಿ ಫೋನ್ ಚಾರ್ಜಿಗೆ ಎಂಜಿನ್ ಓಡಿಸಬಹುದಾ?

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಕಟ್ಟಿದ ದೋಣಿಯಲ್ಲಿ ಎಂಜಿನ್ ಸದ್ದು ಕೂಡದು.

ಪ್ರಶ್ನೆ: ಫ್ರಾಂಕ್ಟನ್‌ನ ಮೇಲಿನ ಎರಡು ಲಾಕ್‌ಗಳು ಅಂಟಿಕೊಂಡೇ ಇವೆಯಲ್ಲ, ಇಳಿಯುವಾಗ ಏನು ನೋಡಬೇಕು?

ಮೇಲಿನದು ತುಂಬಿರಬೇಕು, ಕೆಳಗಿನದು ಖಾಲಿ ಇರಬೇಕು. ಕೆಳಗಿನದೂ ತುಂಬಿದ್ದರೆ ನೀವು ಬಿಟ್ಟ ನೀರು ದಂಡೆಯ ಮೇಲೆ ಹರಿಯುತ್ತದೆ. ಲಾಕ್ ಕಾಯುವವರು ಹೇಳುವ ತನಕ ಪ್ಯಾಡಲ್ ಮುಟ್ಟಬೇಡಿ. ನೀರು ಇಳಿಯುವಷ್ಟು ಹೊತ್ತೂ ಗೋಡೆಯ ಮೇಲಿನ ಬಿಳಿ ಗುರುತಿಗಿಂತ ದೋಣಿಯ ಹಿಂಬದಿ ಮುಂದಿರಲಿ. ಅದರಾಚೆ ನೀರಿನಡಿಯಲ್ಲಿ ಕಲ್ಲಿನ ಕಟ್ಟೆ ಇದೆ. ಹಿಂಬದಿ ಅದರ ಮೇಲೆ ಕೂತರೆ ಮೂತಿ ಮಾತ್ರ ಇಳಿಯುತ್ತ ಹೋಗುತ್ತದೆ. ಹಾಗೇನಾದರೂ ಆದರೆ ಕೂಗಿ ಹೇಳಿ: ಕೆಳಗಿನ ಪ್ಯಾಡಲ್‌ಗಳನ್ನು ತಕ್ಷಣ ಮುಚ್ಚಿಸಿ, ಆಮೇಲೆ ಮೇಲಿನಿಂದ ನಿಧಾನವಾಗಿ ನೀರು ತುಂಬಿಸಬೇಕು.